ಸಾಕಿದ ಹಾವೆಂಬುದಿಲ್ಲ, ಕಡಿದ ಮೇಲೆ ಹೊತ್ತೇ ಔಷಧ



ಮೃಗಶಿರ ಮಳೆ ಬಿದ್ದು ಕಲಬುರಗಿ ಸೀಮೆಯ ಕರಿಮಣ್ಣು ಹದಕ್ಕೆ ಬಂದಿತೆಂದರೆ ತೊಗರಿ ಬಿತ್ತನೆಯ ಗಡಿಬಿಡಿ ಶುರುವಾಗುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟಿದ್ದ ಹೊಲದ ಬಿರುಕುಗಳಿಗೆ ನೀರಿಳಿಯುತ್ತದೆ. ಆ ಬಿರುಕುಗಳಲ್ಲಿ, ಇಲಿಯ ಬಿಲಗಳಲ್ಲಿ, ಒಡ್ಡಿನ ಕಲ್ಲುಸಂದಿಗಳಲ್ಲಿ ಮಲಗಿದ್ದ ಹಾವುಗಳೂ ಆಗಲೇ ಮೇಲೇಳುತ್ತವೆ. ನೀವು ಹೊಲಕ್ಕಿಳಿಯುವ ಕಾಲವೂ ಅದೇ, ಹಾವು ಹೊರಬೀಳುವ ಕಾಲವೂ ಅದೇ. ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಂತೂ ಒಣಗಿದ ಎಲೆ, ಸದಾ ಇರುವ ತೇವ, ಕಪ್ಪೆ, ಇಲಿ ಎಲ್ಲವೂ ಒಂದೆಡೆ ಸೇರಿರುವುದರಿಂದ ಹಾವಿಗೆ ವರ್ಷವಿಡೀ ಬಿಡಾರ ಸಿಕ್ಕಂತೆ.

ಹಾವಿನ ಸಹವಾಸ ನಮಗೆ ಹೊಸದಲ್ಲ. ಅದಕ್ಕೆಂದೇ ಭಯ ಸವೆದುಹೋಗಿದೆ. ‘ಇದು ನಮ್ಮ ಹೊಲದ ಹಾವು, ಏನೂ ಮಾಡುವುದಿಲ್ಲ’ ಎನ್ನುವವರಿದ್ದಾರೆ. ‘ಹಾವಾಡಿಗನ ಬುಟ್ಟಿಯ ಹಾವು, ಹಲ್ಲು ಕಿತ್ತಿದ್ದಾನೆ’ ಎಂದು ಮಕ್ಕಳ ಕೊರಳಿಗೆ ಹಾಕಿಸಿಕೊಳ್ಳುವವರೂ ಇದ್ದಾರೆ. ಈಚೆಗೆ ಹಾವು ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುವ ತರುಣರೂ ಹೆಚ್ಚಿದ್ದಾರೆ. ಈ ಮೂವರಿಗೂ ಹೇಳಬೇಕಾದ ಮಾತು ಒಂದೇ: ಸಾಕಿದ ಹಾವು ಎಂಬುದೊಂದಿಲ್ಲ. ಯಾವ ಹಾವೇ ಕಡಿಯಲಿ, ಮದ್ದು ಆಸ್ಪತ್ರೆಯಲ್ಲಿದೆ. ಅದು ಫಲ ಕೊಡುವುದು ಹೊತ್ತು ಮೀರುವ ಮೊದಲು ಸಿಕ್ಕರೆ ಮಾತ್ರ.

ಸಾಯುವವರು ಯಾರು?

ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಮಂದಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಇದಕ್ಕೂ ಮೊದಲು 2001ರಿಂದ 2003ರ ಸಾವುಗಳನ್ನು ಮನೆಮನೆ ವಿಚಾರಿಸಿ ಪರಿಶೀಲಿಸಿದ ಅಧ್ಯಯನದಲ್ಲಿ ಇನ್ನೂ ಯೋಚಿಸಬೇಕಾದ ಸಂಗತಿಗಳು ಕಂಡುಬಂದವು. ಸತ್ತವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಯವರು. ಹೆಚ್ಚು ಸಾವುಗಳಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟವರು ನೂರಕ್ಕೆ 23 ಮಂದಿ ಮಾತ್ರ. ಉಳಿದವರು ಮನೆಯಲ್ಲೋ ಹೊಲದಲ್ಲೋ ದಾರಿಯಲ್ಲೋ ತೀರಿಕೊಂಡರು.

ಈ ಕೊನೆಯ ಅಂಕಿಯನ್ನು ಮತ್ತೊಮ್ಮೆ ಓದಿ. ಮದ್ದು ಇದ್ದ ಜಾಗವನ್ನು ತಲುಪದೆಯೇ ನಾಲ್ವರಲ್ಲಿ ಮೂವರು ಹೋಗಿಬಿಟ್ಟರು. ನಮ್ಮ ಊರುಗಳಲ್ಲಿ ಜೀವ ಉಳಿಯುವುದೂ ಅಳಿಯುವುದೂ ಈ ದಾರಿಯಲ್ಲೇ.

ಬುಟ್ಟಿಯ ಹಾವು, ಬಾಟಲಿಯ ಹಾವು

ದನ, ನಾಯಿ, ಕೋಳಿ ಸಾಕಿದವನನ್ನು ಗುರುತಿಸುತ್ತವೆ. ಹಾವಿನಲ್ಲಿ ಆ ಬಗೆಯ ಅಕ್ಕರೆ ಬೆಳೆಯುವುದಿಲ್ಲ. ವರ್ಷಗಟ್ಟಲೆ ಬುಟ್ಟಿಯಲ್ಲಿಟ್ಟರೂ ಅದಕ್ಕೆ ನಿಮ್ಮ ಕೈ ಒಂದು ಬಿಸಿಯಾದ, ಅಲುಗಾಡುವ ವಸ್ತು ಅಷ್ಟೆ. ಹೆದರಿದ ಕ್ಷಣದಲ್ಲಿ ಅದು ಕಡಿದೇ ಕಡಿಯುತ್ತದೆ.

ಹಾವಾಡಿಗರು ಹಲ್ಲು ಕಿತ್ತಿದ್ದೇವೆಂದು ಹೇಳುವುದನ್ನು ನಂಬಿ ಕೆಟ್ಟವರುಂಟು. ಹಾವಿನ ವಿಷದ ಹಲ್ಲಿನ ಹಿಂದೆ ಬೆಳೆಯುತ್ತಿರುವ ಬದಲಿ ಹಲ್ಲುಗಳ ಸಾಲೇ ಇರುತ್ತದೆ. ಕಿತ್ತ ಹಲ್ಲಿನ ಜಾಗಕ್ಕೆ ಕೆಲವು ವಾರಗಳಲ್ಲಿ ಹೊಸದು ಬಂದು ನಿಲ್ಲುತ್ತದೆ. ವಿಷದ ಚೀಲ ಅಲ್ಲೇ ಇರುತ್ತದೆ. ಹಾವು ಹೆಡೆಯಾಡಿಸುವುದು ಪುಂಗಿಯ ರಾಗಕ್ಕೆ ಮನಸೋತಲ್ಲ. ಎದುರಿಗೆ ತೂಗುವ ಪುಂಗಿಯನ್ನೂ ಕೈಯನ್ನೂ ಅದು ಶತ್ರುವೆಂದು ಹಿಂಬಾಲಿಸುತ್ತಿರುತ್ತದೆ. ಪಂಚಮಿಯಲ್ಲಿ ಹೆಣ್ಣುಮಕ್ಕಳು ಹುತ್ತಕ್ಕೆ ಹಾಲೆರೆಯುವುದು, ಜೋಕಾಲಿ ಆಡುವುದು ನಮ್ಮ ಹಬ್ಬದ ಸೊಗಸು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಹಾಲು ಹಾವಿನ ಆಹಾರವಲ್ಲ. ಜೀವಂತ ಹಾವಿನ ಬಾಯಿಗೆ ಹಾಲು ಹಿಡಿಯಲು ಹೋಗಬೇಡಿ. ಹುತ್ತದ ಕಿಂಡಿಯ ಹತ್ತಿರ ಬರಿಗೈ ಒಯ್ಯಬೇಡಿ.

ತಿಳಿದವರಿಗೇ ಹೀಗಾದರೆ ತಿಳಿಯದವರ ಪಾಡೇನು ಎಂಬುದಕ್ಕೆ ಎರಡು ಉದಾಹರಣೆಗಳನ್ನು ಕೇಳಿ. ಕಾರ್ಲ್ ಶ್ಮಿಟ್ ಎಂಬವರು ಅಮೆರಿಕದ ಶಿಕಾಗೋ ನಗರದ ಹೆಸರಾಂತ ಹಾವುತಜ್ಞರು. 1957ರ ಸೆಪ್ಟೆಂಬರಿನಲ್ಲಿ, ಗುರುತು ಹಿಡಿಯಲೆಂದು ತಂದಿದ್ದ ಆಫ್ರಿಕದ ಒಂದು ಮರಿಹಾವು ಅವರ ಹೆಬ್ಬೆರಳಿಗೆ ಕಡಿಯಿತು. ಇಷ್ಟು ಚಿಕ್ಕ ಹಾವು, ಏನಾದೀತು ಎಂದು ಅವರು ಆಸ್ಪತ್ರೆಗೆ ಹೋಗಲಿಲ್ಲ. ಮೈಯಲ್ಲಾಗುತ್ತಿದ್ದ ಬದಲಾವಣೆಗಳನ್ನು ಬರೆದಿಡುತ್ತ ಕುಳಿತರು. ಮರುದಿನ ತೀರಿಕೊಂಡರು. ಇನ್ನೊಬ್ಬರು ಜೋಸೆಫ್ ಸ್ಲೋವಿನ್‌ಸ್ಕಿ. 2001ರಲ್ಲಿ ಬರ್ಮಾದ ಕಾಡಿನಲ್ಲಿ ನಿರುಪದ್ರವಿಯೆಂದು ತಿಳಿದಿದ್ದ ಚಿಕ್ಕ ಹಾವಿದ್ದ ಚೀಲಕ್ಕೆ ಕೈ ಹಾಕಿದರು. ಅದು ಕಟ್ಟುಹಾವಿನ ಜಾತಿಯ ಮರಿ. ನೆರವು ತಲುಪಲಾಗದ ಆ ಕಾಡಿನಲ್ಲಿ ಮರುದಿನ ಅವರ ಉಸಿರು ನಿಂತಿತು. ಇಬ್ಬರೂ ಜೀವಮಾನವೆಲ್ಲ ಹಾವನ್ನೇ ಓದಿದವರು.

ನಮ್ಮ ರಾಜ್ಯದಲ್ಲೇ 2022ರ ಮಾರ್ಚಿನಲ್ಲಿ ಉತ್ತರ ಕನ್ನಡದ ತರುಣನೊಬ್ಬ ಮೂರು ನಾಗರಹಾವುಗಳನ್ನು ಎದುರಿಟ್ಟುಕೊಂಡು ಅವುಗಳ ಬಾಲ ಹಿಡಿದಾಡಿಸುತ್ತ ಕುಳಿತಿದ್ದಾಗ ಒಂದು ಹಾರಿ ಮೊಣಕಾಲಿಗೇ ಕಚ್ಚಿಕೊಂಡಿತು. ಆಸ್ಪತ್ರೆ ಸೇರಿದ್ದರಿಂದ ಆತ ಬದುಕಿದ. ಅದೇ ವರ್ಷದ ಜನವರಿಯಲ್ಲಿ ಸಾವಿರಾರು ಹಾವು ಹಿಡಿದು ಹೆಸರಾದ ಕೇರಳದ ವಾವಾ ಸುರೇಶ್ ಅವರಿಗೂ ನಾಗರಹಾವು ಕಡಿಯಿತು. ಕೊಟ್ಟಾಯಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೃತಕ ಉಸಿರಾಟದ ಯಂತ್ರದ ನೆರವಿನಿಂದ ಅವರು ಉಳಿದರು. ಬಾಟಲಿ, ಬುಟ್ಟಿ, ಚೀಲ ಯಾವುದರಲ್ಲಿಟ್ಟರೂ ಹಾವು ಹಾವೇ.

ನಾಲ್ಕು ಹಾವುಗಳನ್ನು ಗುರುತಿಡಿ

ನಮ್ಮ ದೇಶದಲ್ಲಿ ಮುನ್ನೂರಕ್ಕೂ ಮಿಕ್ಕಿದ ಜಾತಿಯ ಹಾವುಗಳಿವೆ. ಬಹುಪಾಲು ವಿಷವಿಲ್ಲದವು. ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಕೇರೆಹಾವು ಇವುಗಳಲ್ಲಿ ಮುಖ್ಯವಾದದ್ದು. ಅದನ್ನು ಕೊಲ್ಲುವುದೆಂದರೆ ನಮ್ಮ ಕಣಜಕ್ಕೆ ನಾವೇ ಇಲಿ ಬಿಟ್ಟಂತೆ. ಸಾವುಗಳಿಗೆ ಹೆಚ್ಚಾಗಿ ಕಾರಣವಾಗುವವು ಈ ನಾಲ್ಕು:

ನಾಗರಹಾವು: ಹೆಡೆಯಿಂದ ಎಲ್ಲರಿಗೂ ಗೊತ್ತು. ಕಡಿದ ಜಾಗ ನೋಯುತ್ತದೆ, ಊದುತ್ತದೆ. ಬಳಿಕ ಕಣ್ಣರೆಪ್ಪೆ ಜೋತುಬೀಳುತ್ತದೆ, ನಾಲಿಗೆ ತೊದಲುತ್ತದೆ, ಉಸಿರು ಕಟ್ಟುತ್ತದೆ.

ಕಟ್ಟುಹಾವು: ಕಡಂಬಳ ಎಂದೂ ಕರೆಯುವರು. ಹೊಳೆಯುವ ಕಪ್ಪು ಮೈ, ಅಡ್ಡಕ್ಕೆ ತೆಳುವಾದ ಬಿಳಿ ಪಟ್ಟೆಗಳು. ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದವರ ಕಣ್ಣರೆಪ್ಪೆ ಮೇಲೇಳುತ್ತಿಲ್ಲವೆಂದರೆ, ‘ರಾತ್ರಿ ಉಂಡದ್ದು ಒಗ್ಗಲಿಲ್ಲ’ ಎಂದು ಕಷಾಯ ಕುಡಿಸುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಕೊಳಕುಮಂಡಲ: ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂತೆ ಕಂದು ಬೊಟ್ಟುಗಳ ಮೂರು ಸಾಲು. ಕೆಣಕಿದರೆ ಕುಕ್ಕರಿನ ಸೀಟಿಯಂತೆ ಬುಸುಗುಡುತ್ತದೆ. ಕಡಿದರೆ ಸಹಿಸಲಾಗದ ನೋವು, ಬೇಗನೆ ಏರುವ ಊತ. ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ. ವಸಡಿನಿಂದ, ಮೂತ್ರದಲ್ಲಿ ರಕ್ತ ಕಾಣುತ್ತದೆ. ಮೂತ್ರಪಿಂಡ ಕೆಡುವ ಭಯವೂ ಉಂಟು.

ಗರಗಸ ಮಂಡಲ: ಉರಿಮಂಡಲ ಎಂದೂ ಹೆಸರು. ಮೊಳದುದ್ದದ ಚಿಕ್ಕ ಹಾವು, ಮಣ್ಣಿನ ಬಣ್ಣ, ಒಣ ಕಲ್ಲುಭೂಮಿಯ ನಿವಾಸಿ. ಸುರುಳಿಯಾಗಿ ಮೈ ಉಜ್ಜಿ ಗರಗಸದ ಸದ್ದು ಹೊರಡಿಸುತ್ತದೆ. ಇದರ ವಿಷವೂ ರಕ್ತಸ್ರಾವ ಉಂಟುಮಾಡುವಂಥದು. ಚಿಕ್ಕದೆಂದು ಅಸಡ್ಡೆ ಮಾಡಬೇಡಿ.

ಹೊತ್ತಿನ ಲೆಕ್ಕ

ಬೀಜ, ಗೊಬ್ಬರ, ಆಳಿನ ಕೂಲಿಗೆ ಲೆಕ್ಕ ಇಡುವ ನಾವು ಹೊತ್ತಿಗೂ ಒಮ್ಮೆ ಲೆಕ್ಕ ಹಾಕಿ ನೋಡೋಣ. ಕಮಲಾಪುರದ ಬಾಳೆತೋಟದಲ್ಲಿ ಸಂಜೆ 7 ಗಂಟೆಗೆ ಒಬ್ಬರಿಗೆ ಹಾವು ಕಡಿಯಿತೆಂದು ಇಟ್ಟುಕೊಳ್ಳಿ. ಹಗ್ಗ ಬಿಗಿದು ಮನೆಗೆ ನಡೆಸಿಕೊಂಡು ಬರಲು ಅರ್ಧ ತಾಸು. ಪಕ್ಕದೂರಿನ ಮಂತ್ರ ಹಾಕುವವರನ್ನು ಕರೆತರಲು ಒಂದು ತಾಸು. ಮಂತ್ರ, ಬೇರು, ಬೇವಿನಸೊಪ್ಪಿಗೆ ಇನ್ನೊಂದು ತಾಸು. ಆಗ 9:30. ಕಣ್ಣು ಮುಚ್ಚತೊಡಗಿದ ಮೇಲೆ ಗಾಬರಿ. ಗಾಡಿ ಹುಡುಕಲು ಅರ್ಧ ತಾಸು. ಕಲಬುರಗಿ ಸೇರುವ ಹೊತ್ತಿಗೆ 11 ಗಂಟೆ. ಕಡಿದ ತಕ್ಷಣ ಹೊರಟಿದ್ದರೆ 8 ಗಂಟೆ ದಾಟುವಷ್ಟರಲ್ಲಿ ಮದ್ದು ಮೈಸೇರುತ್ತಿತ್ತು. ಮೂರು ತಾಸು ಎಲ್ಲಿ ಹೋಯಿತು? ಹಾವು ತೆಗೆದುಕೊಂಡದ್ದಲ್ಲ ಅದು, ನಾವೇ ಕೊಟ್ಟದ್ದು.

‘ಮಂತ್ರದಿಂದ ನಮ್ಮೂರಲ್ಲಿ ಎಷ್ಟೋ ಜನ ಉಳಿದಿದ್ದಾರಲ್ಲ’ ಎಂದು ನೀವು ಕೇಳಬಹುದು. ಹೌದು, ಉಳಿದಿದ್ದಾರೆ. ಅವರಲ್ಲಿ ಬಹಳ ಜನರಿಗೆ ಕಡಿದದ್ದು ವಿಷವಿಲ್ಲದ ಹಾವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರಿದೇ ಕಡಿಯುವುದುಂಟು. ಅಂಥವರು ಮಂತ್ರವಿಲ್ಲದಿದ್ದರೂ ಉಳಿಯುತ್ತಿದ್ದರು. ವಿಷ ಏರಿದವರಿಗೆ ಮಂತ್ರ ಹಾಕುವವರ ಕೈಯಲ್ಲಿ ಮದ್ದಿಲ್ಲ. ಹಿರಿಯರ ಮೇಲಿನ ಗೌರವ ಬಿಡಬೇಕೆಂದಿಲ್ಲ. ಬೇಕಾದರೆ ಅವರನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳಿ. ಗಾಡಿ ಮಾತ್ರ ಆಸ್ಪತ್ರೆಯತ್ತ ಹೋಗಲಿ.

ಕಡಿದೊಡನೆ ಮಾಡಬೇಕಾದದ್ದು

1. ಹಾವಿನಿಂದ ದೂರ ಸರಿಯಿರಿ. ಕೊಂದು ತರಲು ಬೆನ್ನಟ್ಟಬೇಡಿ. ಕತ್ತರಿಸಿದ ಹಾವಿನ ತಲೆಯೂ ಕೆಲಹೊತ್ತು ಕಡಿಯಬಲ್ಲದು. ಹಾವು ಯಾವುದೆಂದು ತಿಳಿಯದಿದ್ದರೂ ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ.

2. ಕಡಿಸಿಕೊಂಡವರನ್ನು ಮಲಗಿಸಿ ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ. ಓಡಾಡಿದಷ್ಟೂ ವಿಷ ಬೇಗ ಹರಡುತ್ತದೆ.

3. ಉಂಗುರ, ಬಳೆ, ಕಾಲುಂಗುರ, ಕೈಗಡಿಯಾರ, ಉಡಿದಾರ, ಬಿಗಿಯಾದ ಬಟ್ಟೆ ತೆಗೆಯಿರಿ. ಊತ ಏರಿದ ಮೇಲೆ ಇವೇ ಉರುಲಾಗುತ್ತವೆ.

4. ಕಡಿದ ಕೈ ಅಥವಾ ಕಾಲು ಅಲುಗದಂತೆ ಒಂದು ಕೋಲು ಅಥವಾ ಹಲಗೆ ಇಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಮೂಳೆ ಮುರಿದಾಗ ಕಟ್ಟುವಂತೆ.

5. ಹಗ್ಗ, ದಾರ ಬಿಗಿಯಬೇಡಿ. ರಕ್ತ ನಿಂತು ಆ ಅಂಗವೇ ಕೊಳೆಯಬಹುದು. ಯಾರಾದರೂ ಮೊದಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಲು ಹೋಗಬೇಡಿ. ವೈದ್ಯರ ಎದುರು ಬಿಚ್ಚಿಸಿ.

6. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಮಂಜುಗಡ್ಡೆ ಇಡುವುದು, ಕೋಳಿ ಹಚ್ಚುವುದು, ಬೇರು ಅರೆದು ಕುಡಿಸುವುದು, ಸಾರಾಯಿ ಕೊಡುವುದು ಇವು ಯಾವುವೂ ಬೇಡ.

7. ವಾಂತಿ ಬರುತ್ತಿದ್ದರೆ ಎಡಮಗ್ಗುಲಾಗಿ ಮಲಗಿಸಿ.

8. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಮೋಟಾರ್ ಸೈಕಲ್ ಬಿಟ್ಟು ಬೇರೆ ಇಲ್ಲವೆಂದರೆ ಅವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಿ. ಕಡಿದ ಸಮಯ ನೆನಪಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಹಾವಿನ ವಿಷಕ್ಕೆ ಇರುವ ನಿಜವಾದ ಮದ್ದು ಪ್ರತಿವಿಷದ ಚುಚ್ಚುಮದ್ದು. ಇದರ ತಯಾರಿಕೆಗೆ ಬೇಕಾದ ವಿಷದ ಹೆಚ್ಚಿನ ಪಾಲನ್ನು ಒದಗಿಸುತ್ತ ಬಂದವರು ಹಾವು ಹಿಡಿಯುವುದನ್ನು ಕುಲಕಸುಬಾಗಿಸಿಕೊಂಡಿದ್ದ ತಮಿಳುನಾಡಿನ ಇರುಳರು. ಚೆನ್ನೈ ಬಳಿ 1978ರಲ್ಲಿ ಅವರ ಸಹಕಾರ ಸಂಘ ಆರಂಭವಾಯಿತು. ಆ ವಿಷವನ್ನು ಅತಿ ಅಲ್ಪ ಪ್ರಮಾಣದಿಂದ ತೊಡಗಿ ಕ್ರಮೇಣ ಹೆಚ್ಚಿಸುತ್ತ ಕುದುರೆಗಳಿಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಎದುರಿಸುವ ಅಂಶ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿ ಸೀಸೆಗಳಲ್ಲಿ ತುಂಬುತ್ತಾರೆ. ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಒಂದೇ ಮದ್ದು.

ರಕ್ತ ಕೆಟ್ಟಿದೆಯೇ ಎಂದು ನೋಡಲು ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೂ ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ಲಕ್ಷಣ ಕಂಡವರಿಗೆ ಮೊದಲ ಸಲವೇ ಸುಮಾರು 10 ಸೀಸೆ ಕೊಡಬೇಕಾಗುತ್ತದೆ. ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ; ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಕೆಲವರಿಗೆ ಈ ಮದ್ದು ಒಗ್ಗದೆ ತುರಿಕೆ, ನಡುಕ, ಉಬ್ಬಸ ಬರಬಹುದು. ಆದ್ದರಿಂದಲೇ ಇದನ್ನು ಮನೆಯಲ್ಲಿ ಕೊಡುವಂತಿಲ್ಲ, ವೈದ್ಯರ ಕಣ್ಣೆದುರೇ ಆಗಬೇಕು.

ಏನೂ ಆಗಿಲ್ಲವೆಂದು ಬೇಗ ಮನೆಗೆ ಹೊರಡಬೇಡಿ. ಲಕ್ಷಣ ತಡವಾಗಿ ತೋರುವುದುಂಟು. 24 ತಾಸು ಆಸ್ಪತ್ರೆಯಲ್ಲೇ ಇರುವುದು ಕ್ಷೇಮ. ಕಮಲಾಪುರದ ಕಡೆಯವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಆರಂಭಿಸಿಕೊಳ್ಳಿ. ಉಸಿರಾಟದ ಯಂತ್ರ, ಮೂತ್ರಪಿಂಡದ ಚಿಕಿತ್ಸೆ ಬೇಕಾದರೆ ಅಲ್ಲಿಂದಲೇ ಕಲಬುರಗಿಯ ಜಿಮ್ಸ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ.

ಕಡಿಯದಂತೆ ನೋಡಿಕೊಳ್ಳುವುದು

ತೊಗರಿ ಕಟ್ಟಿಗೆ, ಕುಳ್ಳಿನ ರಾಶಿ, ಜೋಳದ ಕಣಿಕೆಯ ಬಣವೆ ಇವನ್ನು ಮನೆಯ ಗೋಡೆಗೆ ತಾಗಿಸಿ ಒಟ್ಟಬೇಡಿ. ಕಣಿಕೆ ಹಿರಿಯುವ ಮುನ್ನ ಕೋಲಿನಿಂದ ಬಡಿದು ಸದ್ದು ಮಾಡಿ. ಕಾಳಿನ ಚೀಲವಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಇಲಿಯ ಬಿಲ ಮುಚ್ಚಿದರೆ ಹಾವಿನ ದಾರಿ ಮುಚ್ಚಿದಂತೆ. ಬಾಳೆಯ ಒಣ ಎಲೆ ಸವರುವಾಗ, ಕಂದು ತೆಗೆಯುವಾಗ ಬುಡಕ್ಕೆ ನೇರವಾಗಿ ಕೈ ಹಾಕದೆ ಉದ್ದ ಹಿಡಿಯ ಕುಡಗೋಲಿನಿಂದ ಮೊದಲು ಸರಿಸಿ ನೋಡಿ. ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ, ಕಾಲಿಗೆ ಗಟ್ಟಿ ಬೂಟು, ಕೈಯಲ್ಲಿ ಕೋಲು ಇರಲಿ. ಹೊಲದಲ್ಲಿ ವಸ್ತಿ ಇರುವವರು ನೆಲದ ಮೇಲೆ ಕಂಬಳಿ ಹಾಸಿ ಮಲಗದೆ ಹೊರಸಿನ ಮೇಲೆ ಮಲಗಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಕಟ್ಟುಹಾವಿನ ಭಯ ಬಹುಮಟ್ಟಿಗೆ ತಪ್ಪುತ್ತದೆ. ಇಷ್ಟು ಅಗ್ಗದ ಕಾವಲು ಇನ್ನೊಂದಿಲ್ಲ.

ಉಡ, ಆಮೆ, ಎರಡು ತಲೆಯ ಹಾವು

ಹಾವುರಾಣಿ ಕಡಿದರೆ ಸಾವು ಎಂಬುದು ಸುಳ್ಳು. ಅದಕ್ಕೆ ವಿಷವೇ ಇಲ್ಲ. ಉಡ ಕಡಿದರೆ ಆಳವಾದ ಗಾಯವಾಗುತ್ತದೆ. ಪೇಟೆಯ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಆಮೆಯೂ ಮಕ್ಕಳ ಬೆರಳು ಕಡಿಯಬಹುದು. ಅದನ್ನು ಮುಟ್ಟಿದ ಕೈ ತೊಳೆಯದೆ ಉಂಡರೆ ವಾಂತಿಭೇದಿ ತಗಲಬಹುದು. ಇಂಥ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಎರಡು ತಲೆಯ ಹಾವು ಮನೆಯಲ್ಲಿದ್ದರೆ ಹಣ ಬರುತ್ತದೆಂದು ನಂಬಿಸಿ ಲಕ್ಷಗಟ್ಟಲೆ ಬೆಲೆ ಹೇಳುವ ವಂಚಕರಿದ್ದಾರೆ. ಅದು ಮಣ್ಣುಮುಕ್ಕ ಹಾವು. ಮೊಂಡಾದ ಬಾಲವೇ ಇನ್ನೊಂದು ತಲೆಯಂತೆ ಕಾಣುತ್ತದೆ, ಅಷ್ಟೆ. ನಮ್ಮ ಹಾವು, ಉಡ, ನಕ್ಷತ್ರ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಹಿಡಿದಿಡುವುದು, ಮಾರುವುದು, ಕೊಳ್ಳುವುದು ಜೈಲಿಗೆ ದಾರಿ. ಮನೆಗೆ ಹಾವು ಹೊಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ಸರ್ಕಾರದ ಕಡೆಯಿಂದ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಇದನ್ನು ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಗಳು ಪ್ರತಿ ಕಡಿತವನ್ನೂ ಸಾವನ್ನೂ ಲೆಕ್ಕಕ್ಕೆ ತರಬೇಕು. ಲೆಕ್ಕ ಸರಿಯಿದ್ದರೆ ಎಲ್ಲಿ ಎಷ್ಟು ಮದ್ದು ಬೇಕೆಂಬುದು ತಿಳಿಯುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ ಕೇಂದ್ರ ಸರ್ಕಾರ, 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕಿಳಿಸುವ ಯೋಜನೆ ಪ್ರಕಟಿಸಿತು. ಹಾವು ಕಡಿದು ರೈತರು ತೀರಿಕೊಂಡರೆ ಕುಟುಂಬಕ್ಕೆ ಕೃಷಿ ಇಲಾಖೆಯ ಮೂಲಕ ಪರಿಹಾರ ಪಡೆಯಲು ಅವಕಾಶವುಂಟು. ಆಸ್ಪತ್ರೆಯ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಇಲ್ಲದಿದ್ದರೆ ಅರ್ಜಿ ನಿಲ್ಲುವುದು ಕಷ್ಟ. ವಿವರಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಕೊನೆಗೆ, ಈ ಪುಟವನ್ನು ವಾಚನಾಲಯದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಕೆಲಸ. ನಿಮ್ಮ ಊರಿಗೆ ಹತ್ತಿರವಿರುವ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ, ರಾತ್ರಿ ವೈದ್ಯರು ಇರುತ್ತಾರೆಯೇ ಎಂದು ಮಳೆಗಾಲಕ್ಕೆ ಮೊದಲೇ ಇಬ್ಬರು ಹೋಗಿ ವಿಚಾರಿಸಿ ಬನ್ನಿ. ಆ ಆಸ್ಪತ್ರೆಯ ಫೋನ್ ನಂಬರ್, 108, ರಾತ್ರಿ ಎಬ್ಬಿಸಿದರೂ ಬರಲು ಒಪ್ಪಿದ ಇಬ್ಬರು ಗಾಡಿ ಮಾಲೀಕರ ನಂಬರ್ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ವಾಚನಾಲಯದ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಿ. ಒಂದು ಸಂಜೆಯ ಕೆಲಸ. ಊರಿನಲ್ಲಿ ಯಾರಿಗೋ ಅದು ಮೂರು ತಾಸು ಉಳಿಸಿಕೊಡುತ್ತದೆ. ಆ ಮೂರು ತಾಸಿನಲ್ಲಿ ಒಂದು ಜೀವ ಉಳಿಯುತ್ತದೆ.